ನುಚ್ಚಿನ ಗಂಜಿ, ಧಣಿಗಳ ಕೊಪ್ಪರಿಗೆ

ಶ್ರಾವ್ಯಾ, ಧನುಷ್,

ಕಳೆದ ಭಾನುವಾರ ಇಲ್ಲಿ ನವಿಮುಂಬಯಿಯ ಕಾಮೋಠೆಯ ಸಭಾಭವನದಲ್ಲಿ, ನಮ್ಮ ಊರಿನವರ ಸಂಘದ ಕಾರ್ಯಕ್ರಮದಲ್ಲಿ, ನಿಮ್ಮಿಬ್ಬರ ನಡುವೆ ಕುಳಿತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೆಕೆಯಾಗುತ್ತಿರಬೇಕು ಎಂದುಕೊಂಡು ನೀವು ಕಾರ್ಯಕ್ರಮದ ಹಾಳೆಯಿಂದ ನನಗೆ ಗಾಳಿ ಹಾಕಿದಿರಿ. ಅದು ಸೆಕೆಯಲ್ಲ, ಸಿಟ್ಟು.

ವೇದಿಕೆಯ ಮೇಲೆ ಆ ಹೋಟೆಲು ಧಣಿಗಳಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಠಾಣೆ ಹತ್ತಿರದ ಕಳ್ವಾ ಊರಿನ ಆಸ್ಪತ್ರೆಯ ಬಾಗಿಲಲ್ಲಿ ಬಡ ರೋಗಿಗಳಿಗೆ ಗಂಜಿ ಹಾಕಿದ ಪುಣ್ಯಾತ್ಮರು ಎಂದು ಓದಿದರು. ಧನುಷ್, ನೀನು ನನ್ನ ಕಿವಿಯ ಹತ್ತಿರ ಬಾಗಿ, "ಅಜ್ಜಿ, ಆಪ್ ಭೀ ಉಧರ್ ಗಂಜಿ ಬನಾತೀ ಥೀ ನಾ? ಇನ್ಕೇ ಯಹಾಂ ನೌಕರಿ ಥೀ ಕ್ಯಾ?" ಎಂದು ಕೇಳಿದೆ. ಇವರಲ್ಲಿ ನಾನು ನೌಕರಿಗಿದ್ದೆನೇ ಎಂದು. ನಾನು ಬಾಯಿ ತೆರೆಯುವ ಮೊದಲೇ ಶ್ರಾವ್ಯಾ, ನೀನು ಅವನಿಗೆ ಹೇಳಿದೆ: "ಅರೇ, ಪೈಸೆ ಇರೋರೇ ತಾನೇ ಇಷ್ಟೆಲ್ಲ ಕೊಡೋಕೆ ಆಗೋದು?"

ನಾನು ತಲೆ ಆಡಿಸಿದೆ. ಹೌದು ಎಂದಲ್ಲ. ನಾಲ್ಕು ಜನರ ನಡುವೆ ನನ್ನ ತಲೆ ತಾನಾಗಿ ಹಾಗೆ ಆಡುತ್ತದೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಸಭೆಯಲ್ಲಿ ಮಾತು ಬರುವುದಿಲ್ಲ, ಕಾಗದದ ಮೇಲೆ ಬರುತ್ತದೆ. ನಿಮಗೆ ಕನ್ನಡ ಅಕ್ಷರ ತಿದ್ದಿಸಿದವಳೂ ನಾನೇ. ನಿಧಾನವಾಗಿ ಓದಿ.

ನಿಮ್ಮ ಅಜ್ಜ ಹೋದ ಮೇಲೆ ನಾನು ಕಳ್ವಾ ಊರಿನ ಚಾಳಿನ ಖೋಲಿಯಲ್ಲೇ ಉಳಿದೆ. ಬೆಳಗ್ಗೆ ಹತ್ತಕ್ಕೆ ಡೊಂಬಿವಲಿಯ ಒಂದು ಪೋಳಿ-ಭಾಜಿ ಕೇಂದ್ರಕ್ಕೆ ಹೋಗಿ ಸಂಜೆಯವರೆಗೆ ಚಪಾತಿ ಲಟ್ಟಿಸುವುದು ನನ್ನ ಕೆಲಸ. ಪಕ್ಕದ ಖೋಲಿಯವಳು ವಿಜಯಪುರದ ಕಡೆಯವಳು, ಹತ್ತಿರದ ಆಸ್ಪತ್ರೆಯಲ್ಲಿ ಆಯಾ. ಒಂದು ದಿನ ನಳದ ಹತ್ತಿರ ಅವಳು ಹೇಳಿದಳು:

"ಅಕ್ಕಾ, ಡಾಕ್ಟರ್ ಪೇಶಂಟಿಗೆ ಪೇಜ್ ಕೊಡ್ರಿ ಅಂತಾರ. ಮುರಬಾಡ, ಶಹಾಪುರ ಅಂತ ಇಲ್ಲಿಂದ ದೂರದ ಹಳ್ಳಿಯಿಂದ ಬಂದ ಮಂದಿ. ಎಲ್ಲಿಂದ ತರಬೇಕವ್ರು? ಹೊರಗ ನೋಡಿದ್ರ ಬರೇ ವಡಾ-ಪಾವ್. ಅವ್ರೂ ಅದನ್ನ ತಿಂದು ತಿಂದು ಹೊಟ್ಟಿ ಹಿಡ್ಕೊಂಡು ಕುಂತಾರ."

ಮರಾಠಿಯವರು ಪೇಜ್ ಎನ್ನುವುದು ನಮ್ಮ ಗಂಜಿಯನ್ನೇ. ಗಂಜಿ ಮಾಡಲು ನನಗೆ ಗೊತ್ತಿಲ್ಲವೇ? ಆದರೆ ದಿನವೂ ಅಷ್ಟು ಜನರಿಗೆ ಹಾಕುವಷ್ಟು ಅಕ್ಕಿ ನನ್ನ ಹತ್ತಿರ ಎಲ್ಲಿಂದ ಬರಬೇಕು? ಆಗ ನನ್ನ ಅಮ್ಮನ ಅಡುಗೆಮನೆ ನೆನಪಾಯಿತು. ಅನ್ನಕ್ಕೆ ಅಕ್ಕಿ ಅಳೆದಾದ ಮೇಲೆ ಅಮ್ಮ ಅದರಿಂದ ಒಂದು ಮುಷ್ಟಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದಳು. ಮುಷ್ಟಿ ಅಕ್ಕಿ ಎಂದು ಅದಕ್ಕೆ ಹೆಸರು. ಅದು ಮನೆಯದ್ದಲ್ಲ, ಯಾರಿಗೋ ಸೇರಿದ್ದು. ಮನೆಯಲ್ಲಿ ಅಕ್ಕಿ ತೀರಿ ಪಕ್ಕದ ಮನೆಯಿಂದ ಸಾಲ ತಂದ ದಿನವೂ ಆ ಮಡಕೆಗೆ ಕೈ ಹಾಕುತ್ತಿರಲಿಲ್ಲ. ಇದನ್ನು ಆಯಾಳಿಗೆ ಹೇಳಿದೆ. ಅವಳು ಚಾಳಿನವರಿಗೆಲ್ಲ ಹೇಳಿದಳು. ಮೊದಲ ವಾರ ಹನ್ನೊಂದು ಮನೆ ಒಪ್ಪಿದವು: ಮನೆಗೆಲಸದವರು, ಹೊಲಿಗೆಯವರು, ರೈಲ್ವೆ ಕಾರ್‌ಶೆಡ್ಡಿನಲ್ಲಿ ಲೋಕಲ್ ಗಾಡಿ ತೊಳೆಯುವವನ ಹೆಂಡತಿ. ಎಲ್ಲರೂ ಒಂದೊಂದು ಹಾಲಿನ ಪುಡಿಯ ಹಳೆಯ ಡಬ್ಬಿ ಇಟ್ಟುಕೊಂಡರು. ಶನಿವಾರ ಸಂಜೆ ಆಯಾ ಎಲ್ಲರ ಬಾಗಿಲಿಗೆ ಹೋಗಿ ಚೀಲಕ್ಕೆ ಸುರಿಸಿಕೊಂಡು ಬರುತ್ತಿದ್ದಳು.

ಮೊದಲ ದಿನದ ಗಂಜಿ ಹಾಳಾಯಿತು. ತಪ್ಪು ನನ್ನದೇ. ಚೀಲದಲ್ಲಿ ರೇಷನ್ ಅಕ್ಕಿ, ಕೋಲಮ್, ಇಡ್ಲಿ ಅಕ್ಕಿ, ನಮ್ಮವರ ಕುಚ್ಚಲಕ್ಕಿ ಎಲ್ಲ ಬೆರೆತಿತ್ತು. ಬೆಳ್ತಿಗೆ ಅಕ್ಕಿ ಬೇಗ ಬೆಂದು ಕರಗಿಹೋಗುತ್ತದೆ, ಕುಚ್ಚಲಕ್ಕಿ ಒಂದು ಗಂಟೆಯಾದರೂ ಕಾಳುಕಾಳು. ನಲವತ್ತು ವರ್ಷ ಅಡುಗೆ ಮಾಡಿದವಳಿಗೆ ಅದು ಹೊಳೆಯಬೇಡವೇ? ಒಂದು ಕಡೆ ಅಂಟು, ಇನ್ನೊಂದು ಕಡೆ ಕಲ್ಲು. ಒಬ್ಬ ಮುದುಕ ಬಾಯಲ್ಲಿಟ್ಟು, ನನ್ನ ಮುಖ ನೋಡಿ, ಪಾಪ, ಉಗುಳದೆ ನುಂಗಿದ.

ಬೇರೆ ಬೇರೆ ಚೀಲ ಇಡೋಣವೆಂದು ನೋಡಿದೆ, ಆಗಲಿಲ್ಲ. ಜರಡಿ ಹಿಡಿದೆ, ಅರ್ಧ ಮಾತ್ರ ಬೇರೆಯಾಯಿತು. ನೆನೆಸಿದೆ. ಅದೂ ಪ್ರಯೋಜನವಾಗಲಿಲ್ಲ. ನಾಲ್ಕನೆಯ ದಿನ ಚಪಾತಿ ಹಿಟ್ಟು ಕಲಸುತ್ತಿರುವಾಗ ಉಪಾಯ ಹೊಳೆಯಿತು. ಎಲ್ಲವನ್ನೂ ಒಡೆದುಬಿಟ್ಟರೆ? ನುಚ್ಚು ಮಾಡಿದರೆ ಯಾವ ಅಕ್ಕಿಯಾದರೇನು, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೇಯುತ್ತದೆ. ಅಕ್ಕಿ ಆರಿಸಿ, ತೊಳೆದು, ಗ್ಯಾಲರಿಯಲ್ಲಿ ಹಳೆಯ ಸೀರೆ ಹಾಸಿ ಒಣಗಿಸಿದೆ. ಮಳೆಗಾಲದಲ್ಲಿ ಒಣಗದಿದ್ದಾಗ ಕೈಗೆ ಬಿಸಿ ತಾಗುವಷ್ಟು ಹುರಿದೆ. ಆಮೇಲೆ ಮೂಲೆಯ ಗಿರಣಿಗೆ. ಗಿರಣಿಯವನು ಚೀಲಕ್ಕೆ ಕೈ ಹಾಕಿ, "ಮಾವಶಿ, ಇಸ್ಮೇ ತೋ ಪೂರಾ ಹಿಂದುಸ್ತಾನ್ ಹೈ" ಎಂದು ನಕ್ಕ. ಯಾರಿಗೆ ಎಂದು ಹೇಳಿದ ಮೇಲೆ ಒಡೆಯುವ ಕೂಲಿ ತೆಗೆದುಕೊಳ್ಳಲಿಲ್ಲ. ಕೊನೆಯವರೆಗೂ ತೆಗೆದುಕೊಳ್ಳಲಿಲ್ಲ.

ಬೆಳಗ್ಗೆ ನಾಲ್ಕೂವರೆಗೆ ಏಳುತ್ತಿದ್ದೆ. ಒಂದು ಅಳತೆ ನುಚ್ಚಿಗೆ ಎಂಟು ಅಳತೆ ನೀರು. ನೀರು ಚೆನ್ನಾಗಿ ಮರಳಿದ ಮೇಲೆ ನುಚ್ಚನ್ನು ಎಡಗೈಯಿಂದ ಸಣ್ಣದಾಗಿ ಬಿಡುತ್ತ ಬಲಗೈಯಿಂದ ತಿರುವಬೇಕು. ನಿಲ್ಲಿಸಿದರೆ ಗಂಟು ಕಟ್ಟುತ್ತದೆ. ಸ್ವಲ್ಪ ಜೀರಿಗೆ, ಉಪ್ಪು ಕಡಿಮೆ. ಮೇಲಿನ ತಿಳಿಯನ್ನು ರೋಗಿಗಳಿಗೆ ಬೇರೆ ತೆಗೆದಿಡುವುದು, ದಪ್ಪ ಗಂಜಿ ಅವರ ಜೊತೆಗಿದ್ದವರಿಗೆ. ಯಾರಿಗೆ ತಿಳಿ ಕೊಡಬಹುದು, ಯಾರಿಗೆ ಏನೂ ಕೊಡಬಾರದು ಎಂಬುದನ್ನು ಆಯಾ ಸಿಸ್ಟರನ್ನು ಕೇಳಿಕೊಂಡು ಬರುತ್ತಿದ್ದಳು. ತರಕಾರಿಯವನ ಕೈಗಾಡಿಯಲ್ಲಿ ಕ್ಯಾನುಗಳಿಗೆ ಕಂಬಳಿ ಸುತ್ತಿ ಏಳಕ್ಕೆ ಗೇಟಿನ ಹತ್ತಿರ ನಿಲ್ಲುತ್ತಿದ್ದೆವು. ಎಂಟೂವರೆಗೆ ಖಾಲಿ. ನಾನು ಡೊಂಬಿವಲಿಯ ಗಾಡಿ ಹಿಡಿಯುತ್ತಿದ್ದೆ.

ನಲವತ್ತು ಜನರಿಗೆ ಸಾಲುತ್ತಿತ್ತು. ಅದಕ್ಕಿಂತ ಹೆಚ್ಚು ಜನ ಬಂದರೆ ಸಾಲುತ್ತಿರಲಿಲ್ಲ. ಆದರೆ ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ದಿನವೂ ತಪ್ಪಲಿಲ್ಲ. ಮನೆಗಳು ಇಪ್ಪತ್ತಮೂರಾದವು. ಆಯಾಳ ಮನೆಯಲ್ಲಿ ಅಕ್ಕಿ ಕಡಿಮೆ, ಅವಳು ಜೋಳ ಹಾಕುತ್ತಿದ್ದಳು. ನುಚ್ಚಾದ ಮೇಲೆ ಅದೂ ಗಂಜಿಯಲ್ಲಿ ಸೇರಿಹೋಗುತ್ತಿತ್ತು.

ಆಮೇಲೆ ನಮ್ಮ ಸಂಘದ ಕಾರ್ಯದರ್ಶಿಗೆ ಸುದ್ದಿ ಹೋಯಿತು. ಒಂದು ಬೆಳಗ್ಗೆ ಅವರು ಮೊನ್ನೆ ಶಾಲು ಹೊದ್ದ ಆ ಧಣಿಗಳನ್ನೂ ಅವರ ಹೆಂಡತಿಯನ್ನೂ ಕಾರಿನಲ್ಲಿ ಕರೆದುಕೊಂಡು ಬಂದರು. ಧಣಿಗಳಿಗೆ ನವಿಮುಂಬಯಿಯಲ್ಲಿ ನಾಲ್ಕು ಹೋಟೆಲು. ನಮ್ಮ ಜಿಲ್ಲೆಯವರೇ. ಅವರ ಹೆಂಡತಿ ನನ್ನ ನುಚ್ಚಿನ ಚೀಲದಲ್ಲಿ ಎರಡು ಬೆರಳಿಟ್ಟು ನೋಡಿ ಹೇಳಿದರು:

"ಅಯ್ಯೋ, ಇದು ಊರಲ್ಲಿ ನಾವು ಕೋಳಿಗೆ ಹಾಕುವ ನುಚ್ಚಲ್ವಾ? ಮನುಷ್ಯರಿಗೆ ಇದನ್ನು ಕೊಡುವುದಾ?"

ಧಣಿಗಳು ಸಮಾಧಾನದವರಂತೆ ಮಾತನಾಡಿದರು. "ಬಿಡು ಮಾರಾಯ್ತಿ, ಅವರಿಗೆ ಆದದ್ದು ಅವರು ಮಾಡಿದ್ದಾರೆ. ನೋಡಿ ಅಮ್ಮ, ನಾಳೆಯಿಂದ ಅಕ್ಕಿ ನಮ್ಮದು. ಒಳ್ಳೆ ಅಕ್ಕಿ, ಒಂದೇ ನಮೂನೆ. ಕೊಪ್ಪರಿಗೆ ಕಳಿಸ್ತೇನೆ, ದೊಡ್ಡ ಒಲೆ ಕಳಿಸ್ತೇನೆ. ಒಂದು ಬ್ಯಾನರ್ ಹಾಕುವ. ಆದ್ರೆ ಈ ಮನೆ ಮನೆ ಎತ್ತುವುದು ಬೇಡ. ನಮ್ಮವರು ಭಿಕ್ಷೆ ಎತ್ತಿ ಗಂಜಿ ಹಾಕ್ತಾರೆ ಅಂತ ಜನ ಹೇಳಿದ್ರೆ ಸಂಘದ ಮರ್ಯಾದೆ ಎಂತ ಉಂಟು?"

ಕಾರ್ಯದರ್ಶಿ ನನ್ನ ಕಡೆ ನೋಡಿದರು. ನಾನು "ಆಯ್ತು" ಎಂದೆ.

ಆ "ಆಯ್ತು" ನನಗೆ ಇವತ್ತಿಗೂ ನಿದ್ದೆ ಕೆಡಿಸುತ್ತದೆ. ಧಣಿಗಳ ಮೇಲೆ ಎಷ್ಟು ಸಿಟ್ಟಿದೆಯೋ ಅದರಲ್ಲಿ ಅರ್ಧ ನನ್ನ ಮೇಲೂ ಇದೆ. ಅಂದು ಸಂಜೆ ನಾನೇ ಇಪ್ಪತ್ತಮೂರು ಬಾಗಿಲಿಗೆ ಹೋಗಿ, ಇನ್ನು ಮುಷ್ಟಿ ತೆಗೆದಿಡುವುದು ಬೇಡ ಎಂದೆ. ಒಳ್ಳೆಯ ಸುದ್ದಿ ತಂದವಳಂತೆ ನಗುನಗುತ್ತ ಹೇಳಿದೆ. ಕೆಲವರು ನಿಟ್ಟುಸಿರು ಬಿಟ್ಟರು, ತಪ್ಪಿಲ್ಲ. ಆಯಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾಕ್ರಿ ಅಕ್ಕಾ, ನಮ್ಮ ಅಕ್ಕಿ ನಾತ ಹೊಡಿಯಾಕತ್ತಿತ್ತೇನ?"

"ಹಾಗಲ್ಲ ಮಾರಾಯ್ತಿ, ದೊಡ್ಡವರು ಕೊಡ್ತಾರೆ. ಹೆಚ್ಚು ಜನರಿಗೆ ಆಗ್ತದೆ."

"ದೊಡ್ಡವ್ರು ಎಷ್ಟ್ ದಿನ ಕೊಡ್ತಾರಂತ?"

ನಾನು ಅದನ್ನು ಕೇಳಿಯೇ ಇರಲಿಲ್ಲ.

ಸುಳ್ಳು ಬರೆಯಬಾರದು. ಅಕ್ಕಿ ಬಂತು, ಒಳ್ಳೆಯ ಅಕ್ಕಿಯೇ ಬಂತು. ಕೊಪ್ಪರಿಗೆ ಎಷ್ಟು ದೊಡ್ಡದೆಂದರೆ ನನ್ನ ಖೋಲಿಯ ಬಾಗಿಲಲ್ಲಿ ಅಡ್ಡ ಹಿಡಿದು ಒಳಗೆ ತರಬೇಕಾಯಿತು. ನಲವತ್ತು ಇದ್ದದ್ದು ನೂರು ಜನರಾಯಿತು. ಗೇಟಿನಿಂದ ಬಸ್ ಸ್ಟಾಪಿನವರೆಗೆ ಸಾಲು. ಅಷ್ಟು ಜನ ಬಿಸಿ ಗಂಜಿ ಕುಡಿಯುವುದನ್ನು ನೋಡಿ ನಾನೂ ಹಿಗ್ಗಿದೆ.

ಶನಿವಾರಗಳಲ್ಲಿ ಧಣಿಗಳ ಹೋಟೆಲಿನ ಹತ್ತು ಕೆಲಸದವರು ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಸೇವೆಗೆ ಬರುತ್ತಿದ್ದರು. ಫೋಟೋದವನೂ ಬರುತ್ತಿದ್ದ. ಕೆಲಸದವರಲ್ಲಿ ಒಬ್ಬರು ವಯಸ್ಸಾದ ವೇಟರು, ಬೈಂದೂರಿನ ಕಡೆಯವರು. ನನ್ನ ಕೈಯಿಂದ ಸೌಟು ತೆಗೆದುಕೊಳ್ಳುತ್ತ ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೊಳ್ಬೇಡಿ ಅಕ್ಕ, ಫೋಟೋ ಆಗುವವರೆಗೆ. ವಾರಕ್ಕೊಂದು ರಜೆ ನಮ್ದು, ಇವತ್ತು. ಬರದಿದ್ರೆ ನಾಳೆ ಡ್ಯೂಟಿ ಚಾರ್ಟಿನಲ್ಲಿ ಕಷ್ಟದ ಪಾಳಿ ಬೀಳ್ತದೆ."

ಮಕ್ಕಳೇ, ನಿಮ್ಮ ಅಜ್ಜನೂ ಹಾಗೆಯೇ ಇದ್ದದ್ದು. ಇವರಲ್ಲ, ಬೇರೆ ಧಣಿಗಳ ಕೈಕೆಳಗೆ. ಧಣಿಗಳ ಮನೆಯ ಪೂಜೆಗೆ, ಮದುವೆಗೆ, ಸಂಘದ ಊಟಕ್ಕೆ ಬಡಿಸಲು ಅಜ್ಜನ ರಜೆಗಳೆಲ್ಲ ಹೋದವು. ನಿಮ್ಮ ಅಪ್ಪನ ಶಾಲೆಯ ಬಾಗಿಲನ್ನು ಅವರು ಒಮ್ಮೆಯೂ ನೋಡಲಿಲ್ಲ. ಆ ಸೇವೆಯೆಲ್ಲ ಯಾರ ಹೆಸರಿನಲ್ಲಿ ಆಯಿತು? ಆ ವೇಟರಿಗೆ ಸೌಟು ಕೊಟ್ಟು ಬದಿಗೆ ಸರಿದೆ. ಸಿಟ್ಟು ಶುರುವಾದದ್ದು ಅಲ್ಲಿ.

ಮುಂದಿನ ಶನಿವಾರ ಒಬ್ಬಳು ಹುಡುಗಿ, ಶಹಾಪುರದ ಕಡೆಯವಳು, ತಾಯಿಗೆ ಎಂದು ತಿಳಿ ತುಂಬಿಸಿಕೊಂಡು ಓಡುತ್ತಿದ್ದಳು. ಫೋಟೋದವನು ಅವಳನ್ನು ನಿಲ್ಲಿಸಿ, ಧಣಿಗಳ ಹೆಂಡತಿಯ ಕೈಯಿಂದ ಇನ್ನೊಮ್ಮೆ ತೆಗೆದುಕೊಳ್ಳುವಂತೆ ಹೇಳಿದ. ಲೋಟ ಮೇಲೆ, ಮುಖ ಈ ಕಡೆ, ಸ್ವಲ್ಪ ನಗು. ಮೂರು ಸಲ. ಆ ಹುಡುಗಿ ನಕ್ಕಳು. ನಕ್ಕ ಮುಖದಲ್ಲಿ ಕಣ್ಣು ಮಾತ್ರ ವಾರ್ಡಿನ ಬಾಗಿಲ ಕಡೆಗೇ ಇತ್ತು. ನಾನು ಎರಡು ಹೆಜ್ಜೆ ದೂರದಲ್ಲಿ ಸೆರಗು ಹಿಂಡುತ್ತ ನಿಂತಿದ್ದೆ.

ಹೀಗೆ ಏಳು ವಾರ. ಎಂಟನೆಯ ಸೋಮವಾರಕ್ಕೆ ಅಕ್ಕಿ ಬರಲಿಲ್ಲ.

ಭಾನುವಾರ ಸಂಜೆಯಿಂದ ಕಾರ್ಯದರ್ಶಿಗೆ ಫೋನು ಮಾಡುತ್ತಲೇ ಇದ್ದೆ. ಬೆಳಗ್ಗೆ ಆರಕ್ಕೆ ಎತ್ತಿಕೊಂಡರು. "ಧಣಿಗಳು ಊರಲ್ಲಿ ಅಮ್ಮ. ಅವರ ಕಡೆ ದೇವಸ್ಥಾನದ ಬ್ರಹ್ಮಕಲಶ, ಇವರೇ ಅಧ್ಯಕ್ಷರು. ಸದ್ಯಕ್ಕೆ ಎಲ್ಲ ಅಲ್ಲಿಗೇ. ಬಂದ ಮೇಲೆ ನೋಡುವ."

"ಇವತ್ತಿಗೆ ಏನು ಮಾಡಲಿ?"

"ಒಂದೆರಡು ವಾರ ರಜೆ ಕೊಡಿ. ನಿಮಗೂ ವಿಶ್ರಾಂತಿ ಆಯ್ತಲ್ಲ!"

ನನ್ನ ಡಬ್ಬದಲ್ಲಿದ್ದ ರೇಷನ್ ಅಕ್ಕಿ ಪೂರ್ತಿ ಸುರಿದೆ. ಆ ಕೊಪ್ಪರಿಗೆಯಲ್ಲಿ ಅದು ತಳಕ್ಕೆ ಹರಡಿ ಹತ್ತಿಹೋಯಿತು. ಹೊತ್ತಿದ ವಾಸನೆಯ ಗಂಜಿ, ಹದಿನೈದು ಲೋಟ. ಸಾಲಿನಲ್ಲಿ ನೂರು ಜನ. ಮುರಬಾಡದ ಒಬ್ಬ ರೈತ, ಹೆಂಡತಿಗೆ ಹೊಟ್ಟೆಯ ಆಪರೇಶನ್ ಆಗಿತ್ತು, ಐದು ದಿನದ ನಂತರ ಅಂದು ಬೆಳಗ್ಗೆಯೇ ಡಾಕ್ಟರು ಬಾಯಿಗೆ ಕೊಡಲು ಹೇಳಿದ್ದರು. ಖಾಲಿ ಬಾಟಲಿ ಹಿಡಿದುಕೊಂಡು, "ಉದ್ಯಾ ಮಿಳೇಲ ಕಾ, ತಾಯಿ?" ಎಂದು ಕೇಳಿದ. ನಾಳೆ ಸಿಗುತ್ತದೆಯೇ ಎಂದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನೂರು ಜನರಿಗೆ ನಾಳೆ ಎಂಬ ಆಸೆ ಹುಟ್ಟಿಸಿದವರು ಧಣಿಗಳು. ನಲವತ್ತು ಜನರಿಗೆ ಸಿಗುತ್ತಿದ್ದದ್ದನ್ನು ಕೈಯಾರೆ ನಿಲ್ಲಿಸಿದವಳು ನಾನು. ಅವರ ಬ್ಯಾನರು ಮಾತ್ರ ಗೇಟಿನ ಮೇಲೆ ಹಾಗೆಯೇ ಇತ್ತು.

ಅಂದು ಚಪಾತಿ ಕೆಲಸಕ್ಕೆ ಹೋಗಲಿಲ್ಲ. ಆ ಕೆಲಸಕ್ಕೆ ಸೇರಿದ ಮೇಲೆ ಅದು ನನ್ನ ಮೊದಲ ರಜೆ. ಮತ್ತೆ ಇಪ್ಪತ್ತಮೂರು ಬಾಗಿಲಿಗೆ ಹೋದೆ. "ತಪ್ಪಾಯ್ತು, ಮುಷ್ಟಿ ಮತ್ತೆ ಬೇಕು" ಇಷ್ಟೇ ಹೇಳುತ್ತಿದ್ದೆ. ಕೆಲವರು ಡಬ್ಬಿಯಲ್ಲಿ ಸೂಜಿ ದಾರ ತುಂಬಿಸಿಟ್ಟಿದ್ದರು. ಹೊಲಿಗೆಯವಳು ಬಾಗಿಲು ಅರ್ಧ ಮುಚ್ಚಿಕೊಂಡೇ, "ನಿಮ್ಮ ಶೇಠ್ ಎಲ್ಲಿ ಹೋದ್ರು? ಕೋಳಿ ನುಚ್ಚು ಈಗ ನಡೀತದಾ?" ಎಂದಳು. ಅವಳು ಮತ್ತೆ ಕೊಡಲೇ ಇಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಕೊನೆಗೆ ಆಯಾಳ ಖೋಲಿ. ಅವಳು ಮಾತನಾಡದೆ ಮಂಚದ ಕೆಳಗಿನಿಂದ ಒಂದು ಗಂಟು ಎಳೆದಳು. ಏಳು ವಾರದ ಮುಷ್ಟಿ, ಅಕ್ಕಿಯೂ ಜೋಳವೂ.

"ಬೇಡ ಅಂದಿದ್ದೆನಲ್ಲ?"

"ನೀವು ಬ್ಯಾಡ ಅಂದ್ರಿ. ಕೈ ಕೇಳಬೇಕಲ್ರಿ? ಅಕ್ಕಿ ಅಳದ ಕೂಡ್ಲೆ ಅದು ತಾನ ಒಂದು ಮುಷ್ಟಿ ತಗೊಂಡು ಹಿಂದಕ್ಕ ಬರ್ತದ." ಆಮೇಲೆ ನಕ್ಕಳು. "ಅಳಬ್ಯಾಡ್ರಿ ಅಕ್ಕಾ, ಉಪ್ಪು ಹೆಚ್ಚಾಗ್ತದ."

ಅವಳಂಥವರು ಇನ್ನೂ ಮೂವರಿದ್ದರು. ನಾಲ್ಕು ಮನೆಯ ಗಂಟು ಗಿರಣಿಗೆ ಹೋಯಿತು. ಮಂಗಳವಾರ ಏಳಕ್ಕೆ ನನ್ನ ಹಳೆಯ ಪಾತ್ರೆಯಲ್ಲಿ ಗಂಜಿ. ಮುರಬಾಡದವನಿಗೆ ಮೊದಲ ತಿಳಿ. ಬ್ಯಾನರನ್ನು ಆಯಾ ಹಲ್ಲು ಕಚ್ಚಿ ಹಗ್ಗ ಬಿಚ್ಚಿ ಇಳಿಸಿದಳು.

ಬ್ರಹ್ಮಕಲಶ ಮುಗಿದ ಮೇಲೆ ಕಾರ್ಯದರ್ಶಿಯ ಫೋನು ಬಂತು. ಧಣಿಗಳು ಮತ್ತೆ ಶುರು ಮಾಡುತ್ತಾರಂತೆ, ಈ ಸಲ ಉದ್ಘಾಟನೆ ಇಟ್ಟು, ಅತಿಥಿಗಳನ್ನು ಕರೆದು. ಮರುದಿನ ಕೊಪ್ಪರಿಗೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಬ್ಯಾನರನ್ನು ಮಡಚಿ ಅದರೊಳಗೆ ಇಟ್ಟು, ನಾನೂ ಆಯಾಳೂ ಲೋಕಲ್ ರೈಲಿನ ಲಗೇಜ್ ಡಬ್ಬಕ್ಕೆ ಹತ್ತಿಸಿದೆವು. ಠಾಣೆಯಲ್ಲಿ ಗಾಡಿ ಬದಲಿಸಿ ಧಣಿಗಳಿರುವ ಘಣಸೋಲಿಗೆ. ಮೀನಿನ ಬುಟ್ಟಿಯವಳೊಬ್ಬಳು ಜಾಗ ಮಾಡಿಕೊಡುತ್ತ, "ಮಾವಶಿ, ಲಗ್ನಾಲಾ ನಿಘಾಲಾತ ಕಾ?" ಎಂದಳು. ಮದುವೆಗೆ ಹೊರಟಿರಾ ಎಂದು. ಆಯಾ, "ನಾಹೀ, ವರಾತ್ ಪರತ್ ಕರಾಯಲಾ" ಎಂದಳು. ದಿಬ್ಬಣ ವಾಪಸು ಕಳಿಸಲು! ಡಬ್ಬವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ನಾನು ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಿದ್ದೆ.

ಧಣಿಗಳ ಮನೆ ಅವರ ಹೋಟೆಲಿನ ಮೇಲೆಯೇ. ಗಂಡ ಹೆಂಡತಿ ಇಬ್ಬರೂ ಇದ್ದರು.

"ಎಂತ ಅಮ್ಮ ಇದು? ಕೊಪ್ಪರಿಗೆ ಯಾಕೆ ತಂದದ್ದು?"

"ನಿಮ್ಮ ಕೊಪ್ಪರಿಗೆ ದೊಡ್ಡದಾಯಿತು ಧಣಿಗಳೇ. ನಮ್ಮ ಅಕ್ಕಿ ಅದರಲ್ಲಿ ತಳ ಹತ್ತುತ್ತದೆ."

"ನಾವು ಅಕ್ಕಿ ಕಳಿಸ್ತೇವಲ್ಲ ಈಗ?"

"ನೀವು ಕಳಿಸದ ದಿನ ಜನ ವಾಪಸು ಹೋದರು. ಒಬ್ಬಳು ಆಪರೇಶನ್ ಆದವಳು, ಅವಳಿಗೆ ಅವತ್ತು ಏನೂ ಸಿಗಲಿಲ್ಲ. ನಿಮಗೆ ಕೊಡುವ ಮನಸ್ಸಿದ್ದರೆ ಗೋಣಿ ಬೇಡ." ನಾನು ಚೀಲದಿಂದ ಒಂದು ಖಾಲಿ ಡಬ್ಬಿ ತೆಗೆದು ಧಣಿಗಳ ಹೆಂಡತಿಯ ಮುಂದಿಟ್ಟೆ. "ದಿನಾ ಅನ್ನಕ್ಕೆ ಅಳೆಯುವಾಗ ಒಂದು ಮುಷ್ಟಿ ಹಾಕಿ. ನೀವೇ ಹಾಕಬೇಕು. ಶನಿವಾರ ನಾನು ಬಂದು ತೆಗೆದುಕೊಂಡು ಹೋಗುತ್ತೇನೆ."

ಧಣಿಗಳು ನಕ್ಕರು. "ಗೋಣಿ ಕೊಡ್ತೇನೆ ಅಂದ್ರೆ ಮುಷ್ಟಿ ಕೇಳ್ತಾರಲ್ಲ! ನಮ್ಮ ಹೋಟೆಲಲ್ಲಿ ದಿನಾ ಚೆಲ್ಲುವುದೇ ಎಷ್ಟಿರ್ತದೆ ಗೊತ್ತುಂಟಾ ನಿಮಗೆ?"

"ಗೊತ್ತುಂಟು," ಎಂದೆ. "ನನ್ನ ಗಂಡ ಹೋಟೆಲಿನಲ್ಲೇ ಇದ್ದದ್ದು."

ನನ್ನ ಬಾಯಿಂದ ಬಂದ ಅತಿ ದೊಡ್ಡ ಮಾತು ಅದು. ಮೆಟ್ಟಿಲು ಇಳಿಯುವಾಗ ಆಯಾ ನನ್ನ ಬೆನ್ನು ತಟ್ಟಿದಳು.

ಮೊದಲ ಶನಿವಾರ ಹೋದೆ. ಡಬ್ಬಿ ಖಾಲಿ. "ಮರ್ತೇಹೋಯ್ತು ಅಮ್ಮ, ಅಡುಗೆಮನೆಗೆ ನಾನು ಹೋಗುವುದೇ ಇಲ್ಲ," ಎಂದರು ಧಣಿಗಳ ಹೆಂಡತಿ. ನಾನು ಬೈಯಲಿಲ್ಲ. ಎರಡನೆಯ ಶನಿವಾರ ಡಬ್ಬಿ ತುಂಬಿತ್ತು. ಬಿಸಿಲಿನಲ್ಲಿ ಬಂದದ್ದೂ ಸಾರ್ಥಕವಾಯಿತು ಎನಿಸಿತು. ಆದರೆ ಅವರ ಮನೆಯ ಅಡುಗೆಯವಳು, ಘಣಸೋಲಿಯ ಹಳೆಯ ಹಳ್ಳಿ ಭಾಗದಲ್ಲಿ ಖೋಲಿ ಮಾಡಿಕೊಂಡಿದ್ದವಳು, ಲಿಫ್ಟಿನವರೆಗೆ ನನ್ನ ಜೊತೆ ಬಂದು ಪಿಸುಗುಟ್ಟಿದಳು: "ಅಕ್ಕ, ಇದು ಅಮ್ಮನದ್ದಲ್ಲ. ಡಬ್ಬಿ ನಾನು ಮನೆಗೆ ತಗೊಂಡು ಹೋಗಿದ್ದೆ. ನಮ್ಮ ಅಕ್ಕಿ. ನೀವು ಖಾಲಿ ಕೈಯಲ್ಲಿ ಹೋದದ್ದು ನೋಡ್ಲಿಕ್ಕೆ ಆಗ್ಲಿಲ್ಲ. ಮೇಲೆ ಹೇಳ್ಬೇಡಿ."

ಹೇಳಲಿಲ್ಲ. ಕಾರ್ಯದರ್ಶಿ ಬರೆದಿಡುವ ಸಂಘದ ದಾನದ ಪುಸ್ತಕದಲ್ಲಿ ಆ ಅಕ್ಕಿಯೂ ಧಣಿಗಳ ಮನೆಯದ್ದೇ ಆಯಿತು. ಮೊನ್ನೆ ಶಾಲು ಹೊದೆಸಿದ್ದು ಅದಕ್ಕೂ ಸೇರಿಸಿಯೇ.

ಶ್ರಾವ್ಯಾ, ನೀನು ಹೇಳಿದ್ದು ತಪ್ಪಲ್ಲ, ಎಲ್ಲರೂ ಹಾಗೆಯೇ ತಿಳಿದಿದ್ದಾರೆ. ಇದ್ದವರು ಗೋಣಿ ಕೊಡಬಲ್ಲರು, ನಿಜ. ಆದರೆ ನೂರು ಜನರನ್ನು ನಿಲ್ಲಿಸಿ ಬಿಟ್ಟುಹೋಗಲೂ ಅವರಿಗೆ ಸಾಧ್ಯವಾಯಿತು, ಏಕೆಂದರೆ ಆ ಗೇಟಿನ ಹತ್ತಿರ ಅವರ ಮನೆಯವರು ಯಾರೂ ಬಾಟಲಿ ಹಿಡಿದು ನಿಂತಿರಲಿಲ್ಲ. ಆಯಾ ದಿನವೂ ಅದೇ ಗೇಟಿನಿಂದ ಒಳಗೆ ಹೋಗುತ್ತಿದ್ದಳು. ಅವಳ ಮುಷ್ಟಿ ಅವಳ ಮಕ್ಕಳ ಅನ್ನದಿಂದ ಕಡಿಮೆಯಾಗುತ್ತಿತ್ತು, ಅದು ಅವಳಿಗೆ ಪ್ರತಿ ದಿನ ಕಣ್ಣಿಗೆ ಕಾಣುತ್ತಿತ್ತು, ಆದರೂ ತೆಗೆಯುತ್ತಿದ್ದಳು. ಅವಳಿಗೆ ಯಾರೂ ಶಾಲು ಹೊದೆಸಲಿಲ್ಲ. ನಾನೂ ವೇದಿಕೆಗೆ ಹೋಗಿ ಅವಳ ಹೆಸರು ಹೇಳಲಿಲ್ಲ, ಕುಳಿತು ತಲೆ ಆಡಿಸಿದೆ. ಧನುಷ್, ನಿನಗೂ ಉತ್ತರ ಇದು: ಇಲ್ಲ, ನನಗೆ ಅವರಲ್ಲಿ ನೌಕರಿ ಇರಲಿಲ್ಲ.

ಮಂಡಿ ನೋವಾಗಿ ನಾನು ಇಲ್ಲಿ ನಿಮ್ಮ ಮನೆಗೆ ಬಂದ ಮೇಲೆ ಸೌಟು ಆಯಾಳ ಕೈಯಲ್ಲಿದೆ. ಗಂಜಿ ನಲವತ್ತು ಜನರಿಗೇ, ಆದರೆ ಇವತ್ತಿಗೂ ನಿಂತಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯ ಹತ್ತಿರ ಇರುವ ಡಬ್ಬಿಯನ್ನು ನೀವು ಪಾರಿವಾಳಕ್ಕೆ ಎಂದು ತಿಳಿದಿದ್ದೀರಿ. ಅದು ಪಾರಿವಾಳದ್ದಲ್ಲ. ತಿಂಗಳಿಗೊಮ್ಮೆ ಬಂದು ಚಹಾ ಕುಡಿದು, ಚೀಲ ಹಿಡಿದುಕೊಂಡು ಹೋಗುವ ಹೆಂಗಸು ಯಾರೆಂದು ನಿಮಗೆ ಈಗ ತಿಳಿಯಿತು.

ಈ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆ ಡಬ್ಬಿಯ ತಳದಲ್ಲಿಡುತ್ತಿದ್ದೇನೆ. ಅವಳು ಬಂದು ಅಕ್ಕಿ ಸುರಿದುಕೊಂಡಾಗಲೆಲ್ಲ ಇವು ಹೊರಗೆ ಬರುತ್ತವೆ. ಹರಿಯದಂತೆ, ಹುಳು ಹಿಡಿಯದಂತೆ ಜೋಪಾನ ಮಾಡಿ ಮತ್ತೆ ತಳದಲ್ಲೇ ಇಡಿ. ಮೇಲೆ ಒಂದು ಮುಷ್ಟಿ ಹಾಕಿ, ಆಮೇಲೆ ಮುಚ್ಚಳ ಮುಚ್ಚಿ.

ನಿಮ್ಮ ಅಜ್ಜಿ